ದೂರು ಕೊಡುವವನೂ ದೊರೆಯೇ: ದೇಶದ್ರೋಹದ ಕಾನೂನು ಮತ್ತು ರಾಜಕೀಯ

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕಳ್ಳತನ ಆಯಿತು ಅಂದುಕೊಳ್ಳಿ. ಕಳೆದುಕೊಂಡವರು ಒಬ್ಬರು, ಕಳ್ಳನನ್ನು ಹಿಡಿಯುವವರು ಇನ್ನೊಬ್ಬರು, ತೀರ್ಪು ಹೇಳುವವರು ಮತ್ತೊಬ್ಬರು. ಕೊಲೆಯಲ್ಲೂ ಹಾಗೇ. ದೇಶದ್ರೋಹದಲ್ಲಿ ಮಾತ್ರ ಲೆಕ್ಕ ಬೇರೆ. ಇಲ್ಲಿ ಪೆಟ್ಟು ತಿಂದೆ ಅನ್ನುವುದು ಸರ್ಕಾರ. ದೂರು ಕೊಡುವುದೂ ಸರ್ಕಾರ. ತನಿಖೆ, ಮೊಕದ್ದಮೆ, ಜೈಲು, ನೇಣು ಎಲ್ಲವೂ ಅದರದ್ದೇ. ಇತಿಹಾಸದ ಬಹುಪಾಲು ಕಾಲ ನ್ಯಾಯಾಧೀಶರೂ ಅದರ ಜನರೇ ಆಗಿದ್ದರು.

ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಈ ಕಾನೂನಿನ ಸುಮಾರು ಏಳುನೂರು ವರ್ಷದ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ದ್ರೋಹಿಗಳನ್ನು ಹಿಡಿಯಲು ಯಾವ ಕಾಲದಲ್ಲೂ ಜನ ಕಡಿಮೆ ಬಿದ್ದಿಲ್ಲ. ಕಷ್ಟವಾಗಿದ್ದು ಈ ಆರೋಪಕ್ಕೆ ಎಲ್ಲಿ ಗೆರೆ ಎಳೆಯಬೇಕು ಅನ್ನುವುದು. ನನ್ನ ಮಾತೆಲ್ಲ ಆ ಗೆರೆಯ ಬಗ್ಗೆಯೇ.

1351ರಿಂದ ಶುರು ಮಾಡೋಣ. ಇಂಗ್ಲೆಂಡಿನಲ್ಲಿ ಮೂರನೇ ಎಡ್ವರ್ಡ್ ಆಳುತ್ತಿದ್ದ ಕಾಲ. ಅಲ್ಲಿಯವರೆಗೆ ಯಾವುದು ದ್ರೋಹ ಅಂತ ಸ್ಪಷ್ಟವಾಗಿ ಬರೆದಿಟ್ಟ ಕಾಯ್ದೆ ಇರಲಿಲ್ಲ. ರಾಜನ ನ್ಯಾಯಾಧೀಶರು ಹೇಳಿದ್ದೇ ದ್ರೋಹ. ದಾರಿಯಲ್ಲಿ ಹೋಗುತ್ತಿದ್ದವನನ್ನು ಅಡ್ಡಗಟ್ಟಿ, ಕೂಡಿಹಾಕಿ, ಹಣ ಕಿತ್ತುಕೊಂಡು ಬಿಟ್ಟ ಒಬ್ಬ ನೈಟ್ (ಕುಲೀನ ಯೋಧ) ಮೇಲೂ ದ್ರೋಹದ ಆರೋಪ ಬಂತು. ವಾದ ಏನು ಗೊತ್ತಾ? ಜನರನ್ನು ಹಿಡಿದು ಕೂಡಿಹಾಕುವ ಅಧಿಕಾರ ರಾಜನಿಗೆ ಮಾತ್ರ ಸೇರಿದ್ದು, ಇವನು ಅದನ್ನು ತಾನೇ ಚಲಾಯಿಸಿದ, ಹಾಗಾಗಿ ದ್ರೋಹಿ. ದರೋಡೆ ಅಂದಿದ್ದರೆ ಸಾಕಿತ್ತಲ್ವಾ?

ಸಾಕಾಗುತ್ತಿರಲಿಲ್ಲ. ಯಾಕೆಂದರೆ ಇದರ ಹಿಂದೆ ಜಮೀನಿನ ಲೆಕ್ಕ ಇತ್ತು. ಬೇರೆ ಘೋರ ಅಪರಾಧಗಳಿಗೆ ಶಿಕ್ಷೆಯಾದರೆ ಅಪರಾಧಿಯ ಜಮೀನು ಅವನಿಗೆ ಮೇಲಿನ ಒಡೆಯನಾಗಿದ್ದ ಪ್ರಭುವಿಗೆ ಹೋಗುತ್ತಿತ್ತು. ದ್ರೋಹ ಅಂತ ಸಾಬೀತಾದರೆ ನೇರ ರಾಜನ ಕೈಗೆ. ಅಂದಮೇಲೆ ರಾಜನಿಗೆ ಎಲ್ಲ ಕಡೆಯೂ ದ್ರೋಹವೇ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಪಾರ್ಲಿಮೆಂಟು ಪಟ್ಟು ಹಿಡಿಯಿತು, ಯಾವುದು ದ್ರೋಹ ಅಂತ ಬರೆದುಕೊಡಿ ಅಂತ. ಜನರ ಸ್ವಾತಂತ್ರ್ಯದ ಕಾಳಜಿ ಅದರಲ್ಲಿ ಎಷ್ಟಿತ್ತೋ ಕಾಣೆ. ಆಸ್ತಿ ಉಳಿಸಿಕೊಳ್ಳುವ ಕಾಳಜಿಯಂತೂ ಚೆನ್ನಾಗಿಯೇ ಇತ್ತು. ಹಾಗೆ ಹುಟ್ಟಿದ ಕಾಯ್ದೆಯ ಕೆಲವು ಭಾಗಗಳು ಬ್ರಿಟನ್ನಿನಲ್ಲಿ ಇವತ್ತಿಗೂ ಜಾರಿಯಲ್ಲಿವೆ.

ಕಾಯ್ದೆಯಲ್ಲಿ ವಿಚಿತ್ರವಾದವೂ ಇದ್ದವು. ರಾಜನ ಹಿರಿಮಗನ ಹೆಂಡತಿಯನ್ನು ಕೆಡಿಸಿದರೆ ದ್ರೋಹ. ಖೋಟಾ ನಾಣ್ಯ ಅಚ್ಚು ಹಾಕಿದರೆ ದ್ರೋಹ. ಹೆಂಡತಿ ಗಂಡನನ್ನು ಕೊಂದರೆ ಅದು 'ಸಣ್ಣ ದ್ರೋಹ', ಯಾಕೆಂದರೆ ಗಂಡ ಅವಳಿಗೆ ಒಡೆಯ! ಗಂಡ ಹೆಂಡತಿಯನ್ನು ಕೊಂದರೆ ಮಾತ್ರ ಬರೀ ಕೊಲೆ. ಖೋಟಾ ನಾಣ್ಯ, ಸಣ್ಣ ದ್ರೋಹ ಇವೆರಡು ಕಾಲಕ್ರಮದಲ್ಲಿ ಉದುರಿಹೋದವು. ಉಳಿದು, ಸಮುದ್ರ ದಾಟಿ ಬೇರೆ ಬೇರೆ ದೇಶಗಳ ಕಾನೂನಿನೊಳಗೆ ಹೋದವು ಎರಡು: ರಾಜನ ಮೇಲೆ ಯುದ್ಧ ಹೂಡುವುದು, ಮತ್ತು ರಾಜನ ಶತ್ರುಗಳ ಪಕ್ಷ ಸೇರಿ ಅವರಿಗೆ ನೆರವಾಗುವುದು. ತೊಂದರೆ ಕೊಟ್ಟಿದ್ದು ಇನ್ನೊಂದು ಮಾತು. ರಾಜನ ಸಾವನ್ನು 'ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವುದು' ಕೂಡ ದ್ರೋಹ ಅಂತ ಕಾಯ್ದೆ ಹೇಳಿತ್ತು.

ಮನಸ್ಸಿನಲ್ಲಿರುವುದನ್ನು ಸಾಬೀತು ಮಾಡುವುದು ಹೇಗೆ? ಬಹಿರಂಗವಾದ ಒಂದು ಕೃತ್ಯ ಬೇಕು ಅಂತ ಕಾಯ್ದೆಯಲ್ಲೇ ಇತ್ತು. ಹಾಗಾದರೆ ಮಾತು ಕೃತ್ಯವೇ? ಬರಹ ಕೃತ್ಯವೇ? ಮುಂದಿನ ಮುನ್ನೂರು ವರ್ಷ ಜಗಳ ನಡೆದದ್ದು ಇಲ್ಲೇ.

ಎಂಟನೇ ಹೆನ್ರಿ 1534ರಲ್ಲಿ ಹೊಸ ಕಾಯ್ದೆ ತಂದ. ರಾಜನನ್ನು ಧರ್ಮಭ್ರಷ್ಟ, ಪೀಡಕ ಅಂತ ಬಾಯಲ್ಲಿ ಅಂದರೂ ದ್ರೋಹ. ಥಾಮಸ್ ಮೋರ್ ಸ್ವತಃ ದೊಡ್ಡ ವಕೀಲ, ಹಿಂದೆ ಚಾನ್ಸೆಲರ್, ಅಂದರೆ ರಾಜನ ಹಿರಿಯ ಮಂತ್ರಿ ಆಗಿದ್ದವನು. ಅವನು ಏನೂ ಮಾತಾಡದೆ ಕೂತ. ಸುಮ್ಮನಿರುವುದು ದ್ರೋಹ ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲವಲ್ಲ ಅನ್ನುವುದು ಅವನ ಲೆಕ್ಕ. ಕೊನೆಗೆ ರಿಚರ್ಡ್ ರಿಚ್ ಅನ್ನುವ ಅಧಿಕಾರಿ ಬಂದು, ಸೆರೆಮನೆಯಲ್ಲಿ ತನ್ನೊಡನೆ ಮಾತಾಡುವಾಗ ಮೋರ್ ಹೀಗೆ ಹೇಳಿದ ಅಂತ ಸಾಕ್ಷಿ ನುಡಿದ. ಅಲ್ಲಿದ್ದ ಇನ್ನಿಬ್ಬರು, ನಾವು ಅವನ ಪುಸ್ತಕ ಕಟ್ಟುವುದರಲ್ಲಿದ್ದೆವು, ಕೇಳಿಸಿಕೊಳ್ಳಲಿಲ್ಲ ಅಂದರು. ಒಬ್ಬನ ಮಾತಿನ ಮೇಲೆ 1535ರ ಜುಲೈನಲ್ಲಿ ಮೋರ್ ತಲೆ ಹೋಯಿತು.

ಇದಕ್ಕಿಂತ ನನಗೆ ಜಾಸ್ತಿ ಕಾಡುವುದು 1683ರ ಆಲ್ಜರ್ನನ್ ಸಿಡ್ನಿ ಮೊಕದ್ದಮೆ. ಎರಡನೇ ಚಾರ್ಲ್ಸ್ ರಾಜ. ಅಷ್ಟರಲ್ಲಿ ಕಾನೂನು ಒಂದು ಹೆಜ್ಜೆ ಮುಂದೆ ಬಂದಿತ್ತು, ದ್ರೋಹಕ್ಕೆ ಇಬ್ಬರು ಸಾಕ್ಷಿ ಬೇಕಿತ್ತು. ಸಿಡ್ನಿ ವಿರುದ್ಧ ಸಿಕ್ಕಿದ್ದು ಒಬ್ಬನೇ. ಆದರೆ ಮನೆ ಜಪ್ತಿ ಮಾಡಿದಾಗ ಕೈಬರಹದ ಕಾಗದಗಳು ಸಿಕ್ಕಿದ್ದವು. ರಾಜನ ಅಧಿಕಾರ ಜನರಿಂದ ಬಂದದ್ದು ಅನ್ನುವ ವಾದ ಅದರಲ್ಲಿತ್ತು. ಅಚ್ಚಾಗಿರಲಿಲ್ಲ. ಯಾರಿಗೂ ಓದಿ ಹೇಳಿದ್ದಕ್ಕೂ ಪುರಾವೆ ಇರಲಿಲ್ಲ. ನ್ಯಾಯಾಧೀಶ ಜೆಫ್ರೀಸ್ ಆ ಕಾಗದಗಳನ್ನೇ ಎರಡನೇ ಸಾಕ್ಷಿ ಅಂತ ಲೆಕ್ಕಕ್ಕೆ ತೆಗೆದುಕೊಂಡ. ಬರೆಯುವುದೂ ಮಾಡಿದ ಹಾಗೇ ಅಂದ. ಡಿಸೆಂಬರಿನಲ್ಲಿ ಸಿಡ್ನಿಯ ತಲೆ ಕಡಿದರು.

ಮನೆಯೊಳಗಿನ ಕಾಗದ ಎದ್ದು ಬಂದು ಕಟಕಟೆಯಲ್ಲಿ ನಿಂತು ಮಾಲೀಕನ ವಿರುದ್ಧ ಸಾಕ್ಷಿ ಹೇಳಿದ ಮೊಕದ್ದಮೆ ಇದು. ಅದನ್ನು ನೋಡಿದವರು ಮರೆಯಲಿಲ್ಲ. ಐದಾರು ವರ್ಷದಲ್ಲಿ ರಾಜ ಬದಲಾದ, ಪಾರ್ಲಿಮೆಂಟು 1689ರಲ್ಲಿ ಸಿಡ್ನಿಯ ಶಿಕ್ಷೆಯನ್ನು ರದ್ದು ಮಾಡಿತು. ಸತ್ತವನಿಗೆ ಅದರಿಂದ ಏನು ಲಾಭ ಬಿಡಿ. ಬದುಕಿದ್ದವರಿಗೆ ಲಾಭವಾಗಿದ್ದು 1696ರ ಕಾಯ್ದೆಯಿಂದ. ಅಲ್ಲಿಯವರೆಗೆ ದ್ರೋಹದ ಆರೋಪಿಗೆ ತನ್ನ ಪರ ವಕೀಲನನ್ನು ಇಟ್ಟುಕೊಳ್ಳುವ ಹಕ್ಕೇ ಇರಲಿಲ್ಲ. ದೋಷಾರೋಪದ ಪ್ರತಿಯನ್ನೂ ಮೊದಲೇ ಕೊಡುತ್ತಿರಲಿಲ್ಲ. ತಲೆ ಹೋಗುವ ಮೊಕದ್ದಮೆಗೆ ಒಬ್ಬನೇ ನಿಂತು, ಏನು ಆರೋಪ ಅಂತ ಅಲ್ಲೇ ಕೇಳಿಸಿಕೊಂಡು, ಅಲ್ಲೇ ಉತ್ತರ ಕೊಡಬೇಕಿತ್ತು. ಹೊಸ ಕಾಯ್ದೆ ಇವೆರಡನ್ನೂ ಕೊಟ್ಟಿತು.

ಈಗ ಅಟ್ಲಾಂಟಿಕ್ ದಾಟೋಣ. ಅಮೆರಿಕದ ಸಂವಿಧಾನ ಬರೆದವರೆಲ್ಲ ಒಂದು ಕಾಲಕ್ಕೆ ಬ್ರಿಟಿಷ್ ರಾಜನ ಲೆಕ್ಕದಲ್ಲಿ ದ್ರೋಹಿಗಳೇ. ಸೋತಿದ್ದರೆ ನೇಣಿಗೆ ಹೋಗುತ್ತಿದ್ದರು. ಆ ಭಯ ಅವರ ಬರವಣಿಗೆಯಲ್ಲಿ ಕಾಣುತ್ತದೆ. ಸಂವಿಧಾನವೇ ವ್ಯಾಖ್ಯೆ ಕೊಟ್ಟಿರುವ ಒಂದೇ ಅಪರಾಧ ದೇಶದ್ರೋಹ. ಯುದ್ಧ ಹೂಡುವುದು, ಅಥವಾ ಶತ್ರುಗಳ ಪಕ್ಷ ಸೇರಿ ಅವರಿಗೆ ನೆರವು ಕೊಡುವುದು, ಇಷ್ಟೇ. 'ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವುದು' ಹೋಯಿತು. ಸಾಕ್ಷಿ ಇಬ್ಬರು ಬೇಕು, ಇಬ್ಬರೂ ಒಂದೇ ಕೃತ್ಯವನ್ನು ಕಂಡಿರಬೇಕು. ತಪ್ಪೊಪ್ಪಿಗೆಯಾದರೆ ತೆರೆದ ನ್ಯಾಯಾಲಯದಲ್ಲೇ ಆಗಬೇಕು, ಠಾಣೆಯ ಕೋಣೆಯೊಳಗೆ ಅಲ್ಲ. ಮುಟ್ಟುಗೋಲು ಅಪರಾಧಿಯ ಆಯುಷ್ಯದ ಆಚೆ ಹೋಗುವ ಹಾಗಿಲ್ಲ, ಮಕ್ಕಳ ಪಾಲಿಗೆ ಕೈ ಹಾಕುವ ಹಾಗಿಲ್ಲ. ರಾಜರಿಗಿದ್ದ ಜಮೀನಿನ ಆಸೆಗೂ ಬೀಗ ಬಿತ್ತು.

ಈ ಬೀಗ ಗಟ್ಟಿಯೋ ಅಲ್ಲವೋ ಅಂತ ಪರೀಕ್ಷೆಯಾಗಲು ಜಾಸ್ತಿ ಕಾಲ ಬೇಕಾಗಲಿಲ್ಲ. 1807ರಲ್ಲಿ ಆರನ್ ಬರ್ ಮೇಲೆ ಮೊಕದ್ದಮೆ. ಮಾಜಿ ಉಪಾಧ್ಯಕ್ಷ. ಪಶ್ಚಿಮದ ಕಡೆ ಜನ ಕಟ್ಟಿಕೊಂಡು ಏನೋ ಮಸಲತ್ತು ನಡೆಸಿದ್ದ. ಅಧ್ಯಕ್ಷ ಜೆಫರ್ಸನ್ ಮೊಕದ್ದಮೆಗೆ ಮೊದಲೇ ಬರ್ ತಪ್ಪಿತಸ್ಥ, ಅದರಲ್ಲಿ ಅನುಮಾನವೇ ಇಲ್ಲ ಅಂತ ಕಾಂಗ್ರೆಸ್‌ಗೆ ಬರೆದು ಕಳಿಸಿಬಿಟ್ಟಿದ್ದ. ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಕೇಳಿದ್ದು ಸರಳ ಪ್ರಶ್ನೆ: ಓಹಾಯೊ ನದಿಯ ದ್ವೀಪದಲ್ಲಿ ಜನ ಸೇರಿದ ದಿನ ಈತ ಅಲ್ಲಿದ್ದನೇ? ಇರಲಿಲ್ಲ. ಹಾಗಾದರೆ ಅಲ್ಲಿ ಯುದ್ಧ ಹೂಡಿದ್ದನ್ನು ಕಂಡ ಇಬ್ಬರು ಸಾಕ್ಷಿ ಎಲ್ಲಿ? ಬರ್ ಬಿಡುಗಡೆಯಾದ. ಒಳ್ಳೆಯ ಮನುಷ್ಯ ಅಂತ ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ.

ಇನ್ನೂ ಹತ್ತಿರದಿಂದ ನೋಡಬೇಕಾದವು ಎರಡನೇ ಮಹಾಯುದ್ಧದ ಎರಡು ಮೊಕದ್ದಮೆಗಳು. 1942ರ ಜೂನ್‌ನಲ್ಲಿ ಜರ್ಮನಿ ಸಬ್‌ಮೆರಿನ್‌ಗಳಲ್ಲಿ ಎಂಟು ಜನರನ್ನು ಅಮೆರಿಕದ ತೀರಕ್ಕೆ ತಂದು ಬಿಟ್ಟಿತು. ಕಾರ್ಖಾನೆಗಳನ್ನು, ರೈಲ್ವೆಯನ್ನು ಸ್ಫೋಟಿಸುವುದು ಅವರ ಕೆಲಸ. ಎಲ್ಲರೂ ಬೇಗ ಸಿಕ್ಕಿಬಿದ್ದರು, ಆರು ಜನರಿಗೆ ಆಗಸ್ಟ್‌ನಲ್ಲೇ ಮರಣದಂಡನೆಯಾಯಿತು. ಆಮೇಲೆ ಅವರಿಗೆ ನೆರವಾದವರ ಸರದಿ.

ಆಂಥೊನಿ ಕ್ರೇಮರ್ ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಪೌರನಾದವನು. ಆ ಎಂಟರಲ್ಲಿ ಒಬ್ಬ ಅವನ ಹಳೆಯ ಗೆಳೆಯ. ನ್ಯೂಯಾರ್ಕಿನಲ್ಲಿ ಇಬ್ಬರೂ ಭೇಟಿಯಾದರು. ಕೂತು ಕುಡಿದರು, ತುಂಬ ಹೊತ್ತು ಮಾತಾಡಿದರು. ದೂರದಲ್ಲಿ ಎಫ್‌ಬಿಐನವರು ಕಣ್ಣಿಟ್ಟಿದ್ದರು. ಅವರಿಗೆ ಕಂಡದ್ದು ಕುಡಿಯುವುದು ಮತ್ತು ಮಾತಾಡುವುದು. ಏನು ಮಾತು ಅಂತ ಕೇಳಿಸಲಿಲ್ಲ. 1945ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಕ್ರೇಮರ್‌ನ ದ್ರೋಹದ ಶಿಕ್ಷೆಯನ್ನು ರದ್ದು ಮಾಡಿತು. ಇಬ್ಬರು ಕಂಡ ಕೃತ್ಯದಿಂದ ಶತ್ರುವಿಗೆ ಏನು ನೆರವಾಯಿತು ಅನ್ನುವುದು ಕಾಣಬೇಕಲ್ಲ? ಇಬ್ಬರು ಒಟ್ಟಿಗೆ ಕೂತು ಕುಡಿದರೆ ಯುದ್ಧಕ್ಕೆ ಏನು ಸಹಾಯ? ಯುದ್ಧ ಇನ್ನೂ ನಡೆಯುತ್ತಿದ್ದಾಗ ಬಂದ ತೀರ್ಪು ಇದು ಅನ್ನುವುದನ್ನು ಗಮನಿಸಿ.

ಎರಡನೆಯದು ಹಾನ್ಸ್ ಹಾಪ್ಟ್ ಎಂಬ ತಂದೆಯದು. ಬಂದಿಳಿದವರಲ್ಲಿ ಒಬ್ಬ ಅವನ ಮಗ ಹರ್ಬರ್ಟ್. ಮಗ ಷಿಕಾಗೊದ ಮನೆಗೆ ಬಂದ. ಅಪ್ಪ ಮನೆಯಲ್ಲಿ ಇಟ್ಟುಕೊಂಡ. ಕಾರು ಕೊಳ್ಳಲು ನೆರವಾದ. ಯುದ್ಧವಿಮಾನಗಳಿಗೆ ಬಾಂಬ್ ಗುರಿಯ ಉಪಕರಣ ತಯಾರಿಸುತ್ತಿದ್ದ ಕಾರ್ಖಾನೆಯಲ್ಲಿ ಕೆಲಸ ಕೊಡಿಸಲು ಓಡಾಡಿದ. ಇದು ಅಪ್ಪನ ಕೆಲಸವೋ, ಶತ್ರುವಿನ ಸಹಾಯಕನ ಕೆಲಸವೋ? 1947ರಲ್ಲಿ ಅದೇ ಸುಪ್ರೀಂ ಕೋರ್ಟ್, ತೀರ್ಪು ಬರೆದವರೂ ಕ್ರೇಮರ್ ತೀರ್ಪು ಬರೆದಿದ್ದ ಅದೇ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್, ಇದನ್ನು ದ್ರೋಹ ಅಂತ ಎತ್ತಿಹಿಡಿದರು. ಮಗನ ಮೇಲಿನ ಪ್ರೀತಿಯಿಂದ ಮಾಡಿದನೋ, ಜರ್ಮನಿ ಗೆಲ್ಲಲಿ ಅಂತ ಮಾಡಿದನೋ ಅನ್ನುವುದನ್ನು ಜ್ಯೂರಿ ತೂಗಿ ನೋಡಿದೆ, ಸಾಕು ಅಂದರು. ನ್ಯಾಯಮೂರ್ತಿ ಮರ್ಫಿ ಒಬ್ಬರೇ ಒಪ್ಪಲಿಲ್ಲ. ಮಗನಿಗೆ ಮನೆಯಲ್ಲಿ ಜಾಗ ಕೊಡುವುದು ಅಪ್ಪನಾದವನು ಸಹಜವಾಗಿ ಮಾಡುವ ಕೆಲಸ, ಅದರಲ್ಲೇ ದ್ರೋಹ ಕಾಣಲಾಗದು ಅಂತ ಅವರ ಭಿನ್ನಮತ. ಹಾಪ್ಟ್‌ಗೆ ಜೀವಾವಧಿ. ಮಗ ಅಷ್ಟರಲ್ಲಿ ಸತ್ತು ಐದು ವರ್ಷ ಸಮೀಪಿಸುತ್ತಿತ್ತು.

ನಾನು ಮರ್ಫಿ ಕಡೆ ವಾಲುತ್ತೇನೆ. ಮನೆಯಲ್ಲಿಟ್ಟುಕೊಂಡದ್ದರ ಮಟ್ಟಿಗೆ ಮಾತ್ರ. ಕಾರ್ಖಾನೆಯ ವಿಷಯಕ್ಕೆ ಬಂದಾಗ ನನಗೂ ಅಷ್ಟು ಧೈರ್ಯವಿಲ್ಲ.

ಕೃತ್ಯದ ಮಾತು ಇಷ್ಟಾಯಿತು. ಇನ್ನೊಂದು ಕಾಲು ನಿಷ್ಠೆ. ದ್ರೋಹ ಆಗಬೇಕಾದರೆ ಮೊದಲು ನಂಬಿಕೆಯ ಸಂಬಂಧ ಇರಬೇಕು. ಶತ್ರುದೇಶದ ಸೈನಿಕ ನಮ್ಮ ಮೇಲೆ ಗುಂಡು ಹಾರಿಸಿದರೆ ಅವನು ದ್ರೋಹಿಯಲ್ಲ, ಬರೀ ಶತ್ರು. ಇದು ಕೇಳಲು ಸುಲಭ. ನ್ಯಾಯಾಲಯದಲ್ಲಿ ಎಷ್ಟು ಗೋಜಲಾಗುತ್ತದೆ ಅಂತ ವಿಲಿಯಂ ಜಾಯ್ಸ್ ಮೊಕದ್ದಮೆ ನೋಡಿದರೆ ಗೊತ್ತಾಗುತ್ತದೆ.

ಯುದ್ಧದುದ್ದಕ್ಕೂ ಬರ್ಲಿನ್ ಕಡೆಯಿಂದ ಇಂಗ್ಲಿಷಿನಲ್ಲಿ ರೇಡಿಯೊ ಪ್ರಚಾರ ಮಾಡಿದ ಮನುಷ್ಯ ಇವನು. ಬ್ರಿಟನ್ನಿನಲ್ಲಿ ಮನೆಮನೆಗೂ ಅವನ ಧ್ವನಿ ಗೊತ್ತಿತ್ತು. ಸಿಕ್ಕಿಬಿದ್ದ ಮೇಲೆ ನೋಡಿದರೆ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಅಮೆರಿಕದ ಪೌರ. 1940ರಲ್ಲಿ ಜರ್ಮನಿಯ ಪೌರತ್ವ ತೆಗೆದುಕೊಂಡಿದ್ದ. ಬ್ರಿಟನ್ನಿನ ಪೌರ ಅವನು ಯಾವತ್ತೂ ಆಗಿರಲೇ ಇಲ್ಲ. ಹಾಗಿದ್ದರೆ ಬ್ರಿಟಿಷ್ ರಾಜನಿಗೆ ಅವನು ದ್ರೋಹ ಮಾಡುವುದು ಹೇಗೆ? ಸರ್ಕಾರಿ ವಕೀಲರ ಕೈಯಲ್ಲಿದ್ದದ್ದು ಒಂದು ಪಾಸ್‌ಪೋರ್ಟ್. ಹುಟ್ಟಿದ ಊರಿನ ಬಗ್ಗೆ ಸುಳ್ಳು ಹೇಳಿ ಅವನು ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ. ಅದರ ಅವಧಿ 1940ರ ಜುಲೈ ಆರಂಭದವರೆಗೆ ಇತ್ತು. ಅಲ್ಲಿಯವರೆಗೆ ರಾಜನ ರಕ್ಷಣೆ ಕೇಳುವ ಹಕ್ಕು ಅವನಿಗಿತ್ತು, ರಕ್ಷಣೆ ಇದ್ದಲ್ಲಿ ನಿಷ್ಠೆಯೂ ಇರಬೇಕು ಅಂತ ವಾದ. ಸುಳ್ಳು ಹೇಳಿ ಪಡೆದ ಪತ್ರದಿಂದ ನಿಜವಾದ ನಿಷ್ಠೆ ಹುಟ್ಟುತ್ತದೆಯೇ? ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ನ್ಯಾಯಾಧೀಶರಲ್ಲಿ ಒಬ್ಬರನ್ನು ಬಿಟ್ಟು ಉಳಿದವರು ಹೌದು ಅಂದರು. 1946ರ ಜನವರಿ 3ರಂದು ಅವನನ್ನು ನೇಣಿಗೆ ಹಾಕಿದರು. ಅವನು ಹೇಳಿದ್ದೆಲ್ಲ ಹೇಸಿಗೆಯ ಮಾತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಾಸ್‌ಪೋರ್ಟ್‌ಗೆ ಅಷ್ಟು ಜಗ್ಗಿದ್ದು, ಜನರ ಸಿಟ್ಟಿಗೆ ಒಂದು ದಾರಿ ಬೇಕಿತ್ತು ಅಂತಲೇ ಅನಿಸುತ್ತದೆ.

ಅದಕ್ಕೂ ಮೂವತ್ತು ವರ್ಷ ಹಿಂದೆ, 1916ರಲ್ಲಿ, ರೋಜರ್ ಕೇಸ್‌ಮೆಂಟ್ ಎಂಬ ಐರಿಷ್ ಮನುಷ್ಯನಿಗೆ ನೇಣಾಯಿತು. ಆಫ್ರಿಕಾದ ಕಾಂಗೋದಲ್ಲೂ ದಕ್ಷಿಣ ಅಮೆರಿಕದ ಪುಟುಮಾಯೊದಲ್ಲೂ ರಬ್ಬರ್ ಸಲುವಾಗಿ ನಡೆದ ಕ್ರೌರ್ಯ ಬಯಲಿಗೆಳೆದು ಬ್ರಿಟಿಷ್ ಸರ್ಕಾರದಿಂದಲೇ ಸರ್ ಪದವಿ ಪಡೆದವನು. ಜರ್ಮನಿಗೆ ಹೋಗಿ, ಅಲ್ಲಿದ್ದ ಐರಿಷ್ ಯುದ್ಧಕೈದಿಗಳನ್ನು ಬ್ರಿಟನ್ ವಿರುದ್ಧ ಎತ್ತಿಕಟ್ಟಲು ನೋಡಿದ್ದ. ಅವನ ವಕೀಲರ ವಾದ 1351ರ ಕಾಯ್ದೆಯ ಒಂದು ವಾಕ್ಯದ ಮೇಲೆ ನಿಂತಿತ್ತು. ರಾಜ್ಯದ ಒಳಗಿದ್ದು ಶತ್ರುಪಕ್ಷ ಸೇರಿದವನು ಮಾತ್ರ ದ್ರೋಹಿ, ಹೊರಗಿದ್ದವನು ಅಲ್ಲ ಅಂತ. ಒಂದು ಅಲ್ಪವಿರಾಮ ಇದೆಯೇ ಇಲ್ಲವೇ ಅನ್ನುವುದರ ಮೇಲೆ ಅರ್ಥ ಬದಲಾಗುತ್ತಿತ್ತು. ಹಳೆಯ ಫ್ರೆಂಚ್‌ನಲ್ಲಿ ಬರೆದ ಮೂಲ ಸುರುಳಿಯನ್ನು ಇಬ್ಬರು ನ್ಯಾಯಾಧೀಶರು ದಾಖಲೆಗಳ ಕಚೇರಿಗೇ ಹೋಗಿ ನೋಡಿ ಬಂದರು. ಹೊರಗಿದ್ದರೂ ದ್ರೋಹವೇ ಅಂತ ತೀರ್ಪಾಯಿತು. 1965ರಲ್ಲಿ ಅವನ ಅಸ್ಥಿ ಡಬ್ಲಿನ್‌ಗೆ ಬಂದಾಗ ಐರ್ಲೆಂಡ್ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿತು.

ನಿಷ್ಠೆ ಯಾರಿಗೆ ಅನ್ನುವ ಪ್ರಶ್ನೆ ಎಷ್ಟು ತಿರುವುಮುರುವಾಗಬಹುದು ಅನ್ನುವುದಕ್ಕೆ ದೆಹಲಿಯ ಕೆಂಪುಕೋಟೆಯನ್ನೇ ನೋಡಿ. ಅಲ್ಲಿ ಎರಡು ಮೊಕದ್ದಮೆ ನಡೆದಿವೆ. ಮೊದಲನೆಯದು 1858ರಲ್ಲಿ, ಬಹದ್ದೂರ್ ಷಾ ಜಫರ್ ಮೇಲೆ. ಆರೋಪ ಏನು? ಬ್ರಿಟಿಷ್ ಸರ್ಕಾರದ ಪ್ರಜೆಯಾಗಿದ್ದೂ ನಿಷ್ಠೆ ಬಿಟ್ಟು ತಾನೇ ದೊರೆ ಅಂತ ಘೋಷಿಸಿಕೊಂಡ ಅಂತ. ಎಂಬತ್ತು ದಾಟಿದ ಮೊಘಲ್ ಬಾದಷಹ! 1765ರಲ್ಲಿ ಬಂಗಾಳದ ದಿವಾನಿಯನ್ನು, ಅಂದರೆ ಕಂದಾಯ ವಸೂಲಿ ಹಕ್ಕನ್ನು, ಈಸ್ಟ್ ಇಂಡಿಯಾ ಕಂಪನಿ ಪಡೆದದ್ದು ಅವನ ಅಜ್ಜನ ಫರ್ಮಾನಿನಿಂದ. 1835ರವರೆಗೂ ಕಂಪನಿಯ ರೂಪಾಯಿಯ ಮೇಲೆ ಆ ಅಜ್ಜ ಷಾ ಆಲಂನ ಹೆಸರೇ ಇರುತ್ತಿತ್ತು. ಕಾಗದಪತ್ರ ನೋಡಿದರೆ ಯಾರು ಯಾರಿಗೆ ದ್ರೋಹ ಮಾಡಿದರು ಅಂತ ಕೇಳಬೇಕಾಗಿತ್ತು. ಕೇಳುವವರು ಅಲ್ಲಿ ಇರಲಿಲ್ಲ. ಅವನನ್ನು ರಂಗೂನ್‌ಗೆ ಗಡಿಪಾರು ಮಾಡಿದರು.

ಎರಡನೆಯದು 1945ರ ನವೆಂಬರ್‌ನಲ್ಲಿ. ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್. ಆರೋಪ, ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ್ದು, ಐಪಿಸಿ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 121. ಅವರ ಪರ ನಿಂತ ಭೂಲಾಭಾಯಿ ದೇಸಾಯಿ ಯುದ್ಧ ಮಾಡಲಿಲ್ಲ ಅಂತ ವಾದಿಸಲೇ ಇಲ್ಲ. ಮಾಡಿದ್ದು ನಿಜ, ಪರಾಧೀನ ಜನರಿಗೆ ತಮ್ಮ ಬಿಡುಗಡೆಗಾಗಿ ಯುದ್ಧ ಮಾಡುವ ಹಕ್ಕಿದೆ, ರಾಜನೂ ದೇಶವೂ ಬೇರೆಯಾದಾಗ ನಿಷ್ಠೆ ದೇಶಕ್ಕೆ ಅಂತ ವಾದಿಸಿದರು. ಸೇನಾ ನ್ಯಾಯಾಲಯ ಒಪ್ಪಲಿಲ್ಲ, ಆಜೀವ ಗಡಿಪಾರು ವಿಧಿಸಿತು. ಹೊರಗೆ ಜನ ಬೀದಿಗಿಳಿದಿದ್ದರು. ದಂಡನಾಯಕ ಆಕಿನ್‌ಲೆಕ್ ಆ ಶಿಕ್ಷೆಯನ್ನು ಕೈಬಿಟ್ಟ, ಸೇನೆಯಿಂದ ವಜಾ ಮಾಡಿ ಸುಮ್ಮನಾದ. ಷಾ ನವಾಜ್ ಖಾನ್ ಮುಂದೆ ಸ್ವತಂತ್ರ ಭಾರತದ ಲೋಕಸಭೆಗೆ ಬಂದರು, ಮಂತ್ರಿಯೂ ಆದರು.

ಆ 121ನೇ ಸೆಕ್ಷನ್ ಸ್ವಾತಂತ್ರ್ಯದ ನಂತರವೂ ಉಳಿಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ 147. ಅದರಲ್ಲಿ ಒಂದು ಕುತೂಹಲದ ವಿಷಯ ಇದೆ. ಅದು 'ಪ್ರಜೆ' ಅನ್ನುವುದಿಲ್ಲ, 'ಯಾರೇ ಆಗಲಿ' ಅನ್ನುತ್ತದೆ. ಭಾರತ ಸರ್ಕಾರದ ವಿರುದ್ಧ ಯುದ್ಧ ಹೂಡಿದ ಯಾರೇ ಆಗಲಿ. 2008ರ ಮುಂಬೈ ದಾಳಿಯ ಅಜ್ಮಲ್ ಕಸಬ್ ಪಾಕಿಸ್ತಾನಿ, ಭಾರತಕ್ಕೆ ನಿಷ್ಠೆಯ ಸಾಲ ಅವನಿಗೆ ಇರಲಿಲ್ಲ. ಆದರೂ ಈ ಸೆಕ್ಷನ್ ಕೆಳಗೆ ಅವನ ಶಿಕ್ಷೆಯನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಂದರೆ ನಮ್ಮ ಕಾನೂನಿನಲ್ಲಿ ನಂಬಿಕೆಗೆ ಎರಡು ಬಗೆಯುವ ಮಾತು ಇಲ್ಲವೇ ಇಲ್ಲ, ಯುದ್ಧದ ಕೃತ್ಯ ಮಾತ್ರ ಇದೆ. ನನಗೆ ಇದು ಒಳ್ಳೆಯದೇ ಅನಿಸುತ್ತದೆ. ಯಾರ ಎದೆಯಲ್ಲಿ ಎಷ್ಟು ಭಕ್ತಿ ಇದೆ ಅಂತ ಅಳೆಯುವ ಕೆಲಸ ನ್ಯಾಯಾಲಯಕ್ಕೆ ತಪ್ಪುತ್ತದೆ.

'ದೇಶದ್ರೋಹ ಪ್ರಕರಣ ದಾಖಲು' ಅಂತ ನಾವು ಓದುತ್ತಾ ಬಂದ ಸುದ್ದಿಗಳು ಹೆಚ್ಚಾಗಿ ಇದರ ಬಗ್ಗೆ ಅಲ್ಲ. ಅವು ಐಪಿಸಿಯ 124ಎ ಬಗ್ಗೆ. ಸರ್ಕಾರದ ಮೇಲೆ ದ್ವೇಷ, ಅಸಮಾಧಾನ ಹುಟ್ಟಿಸುವ ಮಾತಿಗೆ 1870ರಲ್ಲಿ ಸೇರಿಸಿದ ಸೆಕ್ಷನ್. ತಿಲಕರು, ಗಾಂಧೀಜಿ ಒಳಗೆ ಹೋದದ್ದು ಇದರಲ್ಲೇ. 1962ರಲ್ಲಿ ಸುಪ್ರೀಂ ಕೋರ್ಟ್ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಹಿಂಸೆಗೆ, ಗಲಭೆಗೆ ಪ್ರಚೋದನೆ ಇದ್ದರೆ ಮಾತ್ರ ಅಪರಾಧ ಅಂತ ಗೆರೆ ಎಳೆಯಿತು. ಇಂದಿರಾ ಗಾಂಧಿ ಹತ್ಯೆಯಾದ ದಿನವೇ ಚಂಡೀಗಢದಲ್ಲಿ ಖಾಲಿಸ್ತಾನದ ಪರ ಘೋಷಣೆ ಕೂಗಿದ ಇಬ್ಬರನ್ನೂ 1995ರಲ್ಲಿ ಬಿಟ್ಟಿತು. ಕೂಗಿದರು, ಯಾರೂ ಕಿವಿಗೊಡಲಿಲ್ಲ, ಏನೂ ಆಗಲಿಲ್ಲ ಅಂತ. 2022ರ ಮೇನಲ್ಲಿ ಸೆಕ್ಷನ್ನನ್ನೇ ತಡೆಹಿಡಿಯಿತು. ಹೊಸ ಸಂಹಿತೆಯಲ್ಲಿ ಆ ಹೆಸರು ಇಲ್ಲ, 152ನೇ ಸೆಕ್ಷನ್ ಬಂದಿದೆ. ಅದರ ಗೆರೆ ಎಲ್ಲಿ ಅನ್ನುವುದನ್ನು ಇನ್ನು ನ್ಯಾಯಾಲಯಗಳು ಹೇಳಬೇಕು.

ಇನ್ನು ರಾಜಕೀಯದ ಮಾತು. 1649ರ ಜನವರಿಯಲ್ಲಿ ಇಂಗ್ಲೆಂಡ್ ತನ್ನ ರಾಜನನ್ನೇ ದ್ರೋಹಿ ಅಂತ ಕಟಕಟೆಗೆ ತಂದಿತು. ಅಧ್ಯಕ್ಷತೆ ವಹಿಸಿದ ಬ್ರಾಡ್‌ಷಾ ಯಾರಾದರೂ ಹೊಡೆದಾರು ಅಂತ ಒಳಗೆ ಉಕ್ಕು ಹೊದಿಸಿದ ಟೋಪಿ ಹಾಕಿಕೊಂಡು ಕೂತಿದ್ದ. ಒಂದನೇ ಚಾರ್ಲ್ಸ್ ಕೇಳಿದ್ದು ಒಂದೇ, ಯಾವ ಅಧಿಕಾರದಿಂದ ನನ್ನನ್ನು ಇಲ್ಲಿಗೆ ತಂದಿರಿ ಅಂತ. ಕಾನೂನಿನ ಪ್ರಕಾರ ಅವನ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ದ್ರೋಹ ಅಂದರೆ ರಾಜನ ವಿರುದ್ಧ ಮಾಡುವುದು, ರಾಜನೇ ಮಾಡುವುದು ಹೇಗೆ? ಜನರ ವಿರುದ್ಧ ಯುದ್ಧ ಹೂಡಿದ ಅಂತ ಅವರು ಹೇಳಿದಾಗ ದ್ರೋಹ ಯಾರಿಗೆ ಅನ್ನುವುದೇ ಬದಲಾಯಿತು. ರಾಜನ ತಲೆ ಕಡಿದರು. ಹನ್ನೊಂದು ವರ್ಷದ ಮೇಲೆ ರಾಜನ ಮಗ ಗದ್ದುಗೆಗೆ ಮರಳಿದ. ಆಗ, ಚಾರ್ಲ್ಸ್ ಮೇಲಿನ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲನಾಗಿದ್ದ ಜಾನ್ ಕುಕ್‌ನನ್ನು ದ್ರೋಹಿ ಅಂತ ಕೊಂದರು.

ಫ್ರಾನ್ಸಿನದು ಇನ್ನೂ ಹತ್ತಿರದ ಕಥೆ. 1912ರಲ್ಲಿ ಯುವ ಅಧಿಕಾರಿ ಡಿ ಗಾಲ್ ಸೇರಿದ ರೆಜಿಮೆಂಟಿನ ಕರ್ನಲ್ ಪೆಟಾನ್. 1940ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಾಗ ಪೆಟಾನ್ ಜರ್ಮನರೊಂದಿಗೆ ರಾಜಿಯಾಗಿ ಸರ್ಕಾರ ನಡೆಸಿದ, ಡಿ ಗಾಲ್ ಲಂಡನ್ನಿಗೆ ಹೋಗಿ ಹೋರಾಟ ಮುಂದುವರಿಸಿದ. ಆ ಆಗಸ್ಟ್‌ನಲ್ಲಿ, ಪೆಟಾನ್ ಸರ್ಕಾರದ ಸೇನಾ ನ್ಯಾಯಾಲಯ ಡಿ ಗಾಲ್‌ಗೆ ದ್ರೋಹಕ್ಕಾಗಿ ಮರಣದಂಡನೆ ವಿಧಿಸಿತು. 1945ರ ಆಗಸ್ಟ್‌ನಲ್ಲಿ, ಡಿ ಗಾಲ್ ಸರ್ಕಾರದ ನ್ಯಾಯಾಲಯ ಪೆಟಾನ್‌ಗೆ ಅದೇ ಶಿಕ್ಷೆ ಕೊಟ್ಟಿತು. ಎಂಬತ್ತೊಂಬತ್ತು ವರ್ಷದ ಮುದುಕನ ಶಿಕ್ಷೆಯನ್ನು ಡಿ ಗಾಲ್ ಜೀವಾವಧಿಗೆ ಇಳಿಸಿದ. ಗೆದ್ದವರು ಹೇಳಿದ್ದೇ ದ್ರೋಹ ಅಂತ ಇದನ್ನು ತೋರಿಸಿ ಹೇಳುವವರು ಬಹಳ. ನಾನು ಪೂರ್ತಿ ಒಪ್ಪುವುದಿಲ್ಲ. ಪೆಟಾನ್ ಸರ್ಕಾರ ತಾನೇ ಯೆಹೂದಿಗಳನ್ನು ಹಿಡಿದು ಜರ್ಮನರಿಗೆ ಒಪ್ಪಿಸಿತ್ತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಹಾಗಾದರೆ ಗೆಲುವು ಸೋಲು ಬಿಟ್ಟು ಬೇರೆ ಅಳತೆ ಏನು? ಇದಕ್ಕೆ ನಾನು ಕಂಡ ಗಟ್ಟಿ ಉತ್ತರ 1952ರ ಜರ್ಮನಿಯದು. ಹಿಟ್ಲರನನ್ನು 1944ರ ಜುಲೈ 20ರಂದು ಕೊಲ್ಲಲು ಯತ್ನಿಸಿದ ಅಧಿಕಾರಿಗಳನ್ನು, ಆ ಸಂಚನ್ನು ಬರ್ಲಿನ್‌ನಲ್ಲಿ ಹತ್ತಿಕ್ಕಿದ್ದ ಒಟ್ಟೊ ರೇಮರ್ ಯುದ್ಧದ ನಂತರವೂ ಸಭೆಯಲ್ಲಿ ದೇಶದ್ರೋಹಿಗಳು ಅಂತ ಜರೆದ. ಬ್ರೌನ್‌ಷ್ವೈಗ್‌ನ ಸರ್ಕಾರಿ ವಕೀಲ ಫ್ರಿಟ್ಜ್ ಬೌವರ್ ಅವನ ಮೇಲೆ ಮೊಕದ್ದಮೆ ಹೂಡಿದ. ಹಿಟ್ಲರನಿಗೆ ಪ್ರಮಾಣ ಮಾಡಿದ್ದರಲ್ಲ ಅನ್ನುವ ಪ್ರಶ್ನೆಗೆ ಧರ್ಮಶಾಸ್ತ್ರದ ಪಂಡಿತರನ್ನು ಕರೆಸಿ ಉತ್ತರ ಹೇಳಿಸಿದ. ಅವನ ವಾದದ ತಿರುಳು: ನ್ಯಾಯವನ್ನೇ ಬಿಟ್ಟ ರಾಜ್ಯಕ್ಕೆ ದ್ರೋಹ ಮಾಡಲು ಸಾಧ್ಯವೇ ಇಲ್ಲ. ನ್ಯಾಯಾಲಯ ಒಪ್ಪಿತು, ರೇಮರ್‌ಗೆ ಮೂರು ತಿಂಗಳ ಸೆರೆ ವಿಧಿಸಿತು.

ಮಾತು ಮುಗಿದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂತು. ಸರ್ಕಾರದ ಗುಟ್ಟನ್ನು ಹೊರಗೆ ಹಾಕಿದವರು ದ್ರೋಹಿಗಳಲ್ಲವೇ ಸರ್, ಅಂತ. ಅದಕ್ಕೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ದ್ರೋಹದ ಆರೋಪಕ್ಕೆ ಹಾಕಿದ ಬೀಗ ಗಟ್ಟಿಯಾದ ಮೇಲೆ ಸರ್ಕಾರಗಳು ಬೇರೆ ಬಾಗಿಲು ಮಾಡಿಕೊಂಡವು. ಅಣುಬಾಂಬಿನ ಗುಟ್ಟನ್ನು ಸೋವಿಯತ್ ಒಕ್ಕೂಟಕ್ಕೆ ಕೊಟ್ಟರು ಅನ್ನುವ ಆರೋಪ ಹೊತ್ತ ರೋಸೆನ್‌ಬರ್ಗ್ ದಂಪತಿಗಳಿಗೆ ಅಮೆರಿಕ 1953ರಲ್ಲಿ ಮರಣದಂಡನೆ ಕೊಟ್ಟಿತು. ಜನ ಅವರನ್ನು ದ್ರೋಹಿಗಳು ಅಂದರು. ಶಿಕ್ಷೆಯಾಗಿದ್ದು ಬೇಹುಗಾರಿಕೆಯ ಒಳಸಂಚಿಗೆ. ಅದಕ್ಕೆ ಇಬ್ಬರು ಸಾಕ್ಷಿಯ ನಿಯಮ ಬೇಕಿಲ್ಲ. ಅಮೆರಿಕದ ಗುಪ್ತ ಕಣ್ಗಾವಲನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಮೇಲೆ 2013ರಲ್ಲಿ ಹಾಕಿದ್ದೂ 1917ರ ಬೇಹುಗಾರಿಕೆ ಕಾಯ್ದೆಯನ್ನೇ. ಆ ಕಾಯ್ದೆಯಲ್ಲಿ ಶತ್ರು ಯಾರು ಅಂತ ಸಾಬೀತು ಮಾಡುವ ಗೋಜೂ ಇಲ್ಲ. ದ್ರೋಹ ಅನ್ನುವ ಬೈಗುಳ ಹಾಗೇ ಉಳಿಯಿತು, ಅದರ ಜೊತೆ ಆರೋಪಿಗೆ ಸಿಗುತ್ತಿದ್ದ ರಕ್ಷಣೆ ಮಾತ್ರ ಹೋಯಿತು. ಕಾನೂನು ಓದುವವರು ಇದನ್ನು ಜಾಸ್ತಿ ಗಮನಿಸಬೇಕು ಅಂತ ನನ್ನ ಅನಿಸಿಕೆ.

ಪತ್ರಕರ್ತರ ವಿಷಯಕ್ಕೆ 1962ರ ಜರ್ಮನಿ. ದೇಶದ ಸೇನೆ ಯುದ್ಧಕ್ಕೆ ಅರೆಬರೆ ಸಿದ್ಧ ಅಂತ ಷ್ಪೀಗೆಲ್ ವಾರಪತ್ರಿಕೆ ಬರೆಯಿತು. ರಾತ್ರಿ ಪೊಲೀಸರು ಕಚೇರಿಗೆ ನುಗ್ಗಿದರು. ಪ್ರಕಾಶಕ ರುಡಾಲ್ಫ್ ಔಗ್‌ಷ್ಟೈನ್ 103 ದಿನ ಸೆರೆಯಲ್ಲಿದ್ದ. ಚಾನ್ಸೆಲರ್ ಅಡೆನಾವರ್ ಸಂಸತ್ತಿನಲ್ಲಿ ನಿಂತು ಇದು ದೇಶದ್ರೋಹದ ಪಾತಾಳ ಅಂದುಬಿಟ್ಟ. ವಿದ್ಯಾರ್ಥಿಗಳು ಬೀದಿಗೆ ಬಂದರು, ರಕ್ಷಣಾ ಮಂತ್ರಿ ಷ್ಟ್ರೌಸ್ ಕುರ್ಚಿ ಬಿಡಬೇಕಾಯಿತು. 1965ರ ಮೇನಲ್ಲಿ ಕೇಂದ್ರ ನ್ಯಾಯಾಲಯ ಕಾಗದಪತ್ರ ನೋಡಿ, ವಿಚಾರಣೆ ಶುರು ಮಾಡುವಷ್ಟು ಪುರಾವೆಯೂ ಇಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸಿತು.